ಮೊದಲು ಮೀಟರ್ ನೋಡಿ, ಆಮೇಲೆ ಬಲ್ಬ್ ಬದಲಿಸಿ

ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಕರೆಂಟ್ ಮೀಟರ್ ಇರುವುದು ಮೆಟ್ಟಿಲ ಕೆಳಗೋ, ಗೇಟಿನ ಪಕ್ಕದ ಗೂಡಿನಲ್ಲೋ. ದಿನಾ ಸ್ಕೂಟರ್ ನಿಲ್ಲಿಸುವುದು ಅದರ ಮುಂದೆಯೇ. ಆದರೂ ತಲೆ ಎತ್ತಿ ನೋಡುವುದಿಲ್ಲ. ಮನೆಯ ಲೈಟು, ಫ್ಯಾನು, ಗೀಸರ್ ಸರಿಮಾಡಿಕೊಳ್ಳಬೇಕು ಅನ್ನುವವರು ಅಂಗಡಿಗೆ ಹೋಗುವ ಮೊದಲು ಒಂದು ರಾತ್ರಿ ಆ ಮೀಟರ್ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಗೊತ್ತಿಲ್ಲದೆ ಏನನ್ನು ಬದಲಿಸಿದರೂ ದುಡ್ಡು ದಂಡ.

ಇಲ್ಲಿ ಹೇಳಿರುವ ಯಾವ ಕೆಲಸಕ್ಕೂ ಗೋಡೆ ಕೊರೆಯಬೇಕಿಲ್ಲ. ಬಾಡಿಗೆ ಮನೆಯವರೂ ಮಾಡಬಹುದು. ಮನೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು.

ಮಿಣುಕುವ ದೀಪದ ಲೆಕ್ಕ

ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಆಸುಪಾಸಿನಲ್ಲೇ 3200 ಇಂಪ್ ಅಂತಲೋ 1600 ಇಂಪ್ ಅಂತಲೋ ಮುದ್ರಿಸಿರುತ್ತಾರೆ. ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತು ಅಂತ ಅರ್ಥ. ಒಂದು ಯೂನಿಟ್ ಅಂದರೆ ಸಾವಿರ ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಿದ ಲೆಕ್ಕ.

ರಾತ್ರಿ ಮಲಗುವ ಹೊತ್ತಿಗೆ ಎಲ್ಲವನ್ನೂ ಆಫ್ ಮಾಡಿ. ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ. ಟಿವಿಯನ್ನು ರಿಮೋಟ್‌ನಲ್ಲಿ ಆಫ್ ಮಾಡುವವರು ರಿಮೋಟ್‌ನಲ್ಲೇ ಮಾಡಿ. ಫ್ರಿಡ್ಜ್ ಸ್ವಿಚ್ ಮಾತ್ರ ಅಳೆಯುವಷ್ಟು ಹೊತ್ತು ತೆಗೆದಿಡಿ. ಅದರ ಕಂಪ್ರೆಸರ್ ನಡುವೆ ಶುರುವಾದರೆ ಲೆಕ್ಕ ಕೆಡುತ್ತದೆ. ಈಗ ಫೋನಿನ ಸ್ಟಾಪ್‌ವಾಚ್ ಹಿಡಿದು ಮೀಟರ್ ಹತ್ತಿರ ಹೋಗಿ. ಒಂದು ಸಲ ಮಿಣುಕಿ ಇನ್ನೊಂದು ಸಲ ಮಿಣುಕುವುದಕ್ಕೆ ಎಷ್ಟು ಸೆಕೆಂಡ್ ಆಯಿತು ನೋಡಿ. 3200ರ ಮೀಟರ್ ಆದರೆ 1125ನ್ನು ಆ ಸೆಕೆಂಡುಗಳಿಂದ ಭಾಗಿಸಿ. 1600 ಆದರೆ 2250ನ್ನು ಭಾಗಿಸಿ. ಆ ಹೊತ್ತಿಗೆ ಮನೆಯಲ್ಲಿ ಎಷ್ಟು ವ್ಯಾಟ್ ಓಡುತ್ತಿದೆ ಅನ್ನುವ ಉತ್ತರ ಸಿಗುತ್ತದೆ.

ನಮ್ಮ ಮನೆಯಲ್ಲಿ ಮೊದಲ ಸಲ ಅಳೆದಾಗ 20 ಸೆಕೆಂಡಿಗೊಮ್ಮೆ ಮಿಣುಕುತ್ತಿತ್ತು. ಅಂದರೆ 56 ವ್ಯಾಟ್, ಅದೂ ಎಲ್ಲ ಆಫ್ ಆದ ಮೇಲೆ. ಒಂದು ಫ್ಯಾನಿಗಿಂತ ಕಡಿಮೆ ಅಲ್ವಾ ಅನಿಸಬಹುದು. ಆದರೆ ಫ್ಯಾನ್ ರಾತ್ರಿ ಓಡಿ ಬೆಳಗ್ಗೆ ನಿಲ್ಲುತ್ತದೆ, ಇದು ನಿಲ್ಲುವುದೇ ಇಲ್ಲ. ತಿಂಗಳಿಗೆ 40 ಯೂನಿಟ್ ಆಗುತ್ತದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಮಿತಿ ದಾಟಿದರೆ ಮೇಲಿನ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ 40 ಯೂನಿಟ್ ಬಹಳ ದೊಡ್ಡದು.

ಇದನ್ನು ತಿನ್ನುತ್ತಿರುವುದು ಯಾವುದು ಅಂತ ಹುಡುಕಲು ಇಬ್ಬರು ಬೇಕು. ಅಮ್ಮ ಮೀಟರ್ ಹತ್ತಿರ ನಿಂತರು, ನಾನು ಒಳಗಿನಿಂದ ಒಂದೊಂದೇ ಪ್ಲಗ್ ಕೀಳುತ್ತಾ ಹೋದೆ. ಸೆಟ್‌ಟಾಪ್ ಬಾಕ್ಸ್ ಕಿತ್ತಾಗ ಅಮ್ಮ ಕೆಳಗಿನಿಂದಲೇ, "ಇಪ್ಪತ್ತಾರು ಆಯ್ತು ಕಣೋ" ಅಂದರು. 20 ಸೆಕೆಂಡ್ ಇದ್ದದ್ದು 26ಕ್ಕೆ ಹೋಯಿತು ಅಂದರೆ ಅದೊಂದೇ ಡಬ್ಬ 13 ವ್ಯಾಟ್ ಎಳೆಯುತ್ತಿತ್ತು. ರಿಮೋಟ್‌ನಲ್ಲಿ ಆಫ್ ಮಾಡಿದರೂ ಅದರ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಮುಟ್ಟಿ ನೋಡಿ, ಬೆಳಗಿನ ಜಾವದಲ್ಲೂ ಬೆಚ್ಚಗಿರುತ್ತದೆ. ಆಮೇಲೆ ಹಳೆಯ ಸ್ಪೀಕರ್ ಸೆಟ್, ಮೈಕ್ರೋವೇವ್, ಪ್ರಿಂಟರ್ ಒಂದೊಂದಾಗಿ ಸಿಕ್ಕವು. ಕೊನೆಗೆ ಯುಪಿಎಸ್ ಮತ್ತು ವೈಫೈ ಮಾತ್ರ ಉಳಿದಾಗ 40 ಸೆಕೆಂಡಿಗೊಮ್ಮೆ, ಅಂದರೆ 28 ವ್ಯಾಟ್. ಅರ್ಧಕ್ಕೆ ಅರ್ಧ ಇಳಿದಿತ್ತು. ಇದಕ್ಕೆ ನಾವು ತಂದದ್ದು ಒಂದೊಂದು ಸಾಕೆಟ್‌ಗೂ ಬೇರೆ ಸ್ವಿಚ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಅಷ್ಟೇ. ಟಿವಿ ಮುಗಿದ ಮೇಲೆ ರಿಮೋಟ್ ಕೆಳಗಿಟ್ಟು, ಎದ್ದುಹೋಗುವಾಗ ಸ್ವಿಚ್ ತೆಗೆಯುವುದು ಒಂದು ವಾರದಲ್ಲಿ ಅಭ್ಯಾಸವಾಯಿತು.

ಅಪಾರ್ಟ್‌ಮೆಂಟಿನಲ್ಲಿ ಮೀಟರ್ ಕೋಣೆಗೆ ಬೀಗ ಇದ್ದರೆ ಸೆಕ್ಯೂರಿಟಿಯವರನ್ನು ಕೇಳಿ ತೆಗೆಸಿಕೊಳ್ಳಿ. ನಿಮ್ಮ ಮೀಟರ್ ಯಾವುದು ಅನ್ನುವುದನ್ನು ಬಿಲ್ಲಿನಲ್ಲಿರುವ ಮೀಟರ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ.

ಬೆಳಕು ಬೇಕಾದ ಕಡೆ ಬೀಳಲಿ

1905ರ ಆಗಸ್ಟ್ 5ರಂದು ಸಿಟಿ ಮಾರ್ಕೆಟ್ ಹತ್ತಿರ ಕರೆಂಟಿನ ಬೀದಿದೀಪ ಹತ್ತಿದ ಊರು ಇದು. ಶಿವನಸಮುದ್ರದಿಂದ ಬಂದ ಕರೆಂಟು ಅದು. ಲೈಟಿನ ಸಾಮಾನು ಬೇಕಾದರೆ ಇವತ್ತಿಗೂ ನಾವು ಹೋಗುವುದು ಅದೇ ಪೇಟೆಯ ಕಡೆಗೆ. ಫಿಟ್ಟಿಂಗ್, ಹೋಲ್ಡರ್, ವೈರ್‌ಗೆ ಬಿವಿಕೆ ಅಯ್ಯಂಗಾರ್ ರಸ್ತೆ. ಅಡಾಪ್ಟರ್, ಎಲ್‌ಇಡಿ ಸ್ಟ್ರಿಪ್, ಬಿಡಿಭಾಗಗಳಿಗೆ ಎಸ್‌ಪಿ ರಸ್ತೆ.

60 ವ್ಯಾಟ್‌ನ ಹಳೇ ಬಲ್ಬಿನಷ್ಟು ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಗಮನಕ್ಕೆ ಬಾರದೆ ಉಳಿದಿರುವುದು ಚೋಕ್ ಇರುವ ಹಳೇ ಟ್ಯೂಬ್‌ಲೈಟ್. ಟ್ಯೂಬ್ ಮೇಲೆ 36 ವ್ಯಾಟ್ ಅಂತ ಬರೆದಿದ್ದರೂ ಚೋಕ್ ಸೇರಿ ಅದು 50 ವ್ಯಾಟ್‌ನ ಹತ್ತಿರ ಎಳೆಯುತ್ತದೆ. 20 ವ್ಯಾಟ್‌ನ ಎಲ್‌ಇಡಿ ಪಟ್ಟಿಯನ್ನು ಅದೇ ಜಾಗದಲ್ಲಿ, ಅದೇ ಎರಡು ವೈರಿಗೆ ಕೂರಿಸಬಹುದು. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಹಾಲ್ ಮತ್ತು ಮಲಗುವ ಕೋಣೆಗೆ 3000 ಕೆಲ್ವಿನ್‌ನ ಹಳದಿ ಬೆಳಕು, ಅಡುಗೆಮನೆಗೂ ಮಕ್ಕಳ ಓದಿಗೂ 4000ದ ಬೆಳಕು ನನ್ನ ಆಯ್ಕೆ. ಮನೆಯಿಡೀ 6500ರ ಬಿಳಿ ಬಲ್ಬ್ ಹಾಕಿದರೆ ರಾತ್ರಿ ಹತ್ತಕ್ಕೂ ಆಫೀಸಿನಲ್ಲಿ ಕೂತ ಹಾಗಿರುತ್ತದೆ. ಇನ್ನೊಂದು ಮಾತು. ಪೂರ್ತಿ ಮುಚ್ಚಿದ ಗಾಜಿನ ಗೋಳದೊಳಗೆ ಹಾಕಿದ ಎಲ್‌ಇಡಿ ಬಲ್ಬ್ ಬೇಗ ಹೋಗುತ್ತದೆ, ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಅಲ್ಲಿಗೆ ಕಡಿಮೆ ವ್ಯಾಟ್‌ನದು ಹಾಕಿ.

ನಮ್ಮ ಮನೆಯಲ್ಲಿ ನಿಜಕ್ಕೂ ಬದಲಾವಣೆ ತಂದದ್ದು ಅಡುಗೆ ಕಟ್ಟೆಯ ಮೇಲಿನ ಬೆಳಕು. ಹೆಚ್ಚಿನ ಅಡುಗೆಮನೆಗಳಲ್ಲಿ ಟ್ಯೂಬ್‌ಲೈಟ್ ಇರುವುದು ಅಡುಗೆ ಮಾಡುವವರ ಬೆನ್ನ ಹಿಂದೆ. ಅಮ್ಮ ಎಷ್ಟೋ ವರ್ಷ ಹುರುಳಿಕಾಯಿಯನ್ನು ತಮ್ಮದೇ ನೆರಳಿನಲ್ಲಿ ಹೆಚ್ಚಿದ್ದಾರೆ. ನಾರು ಬಿಡಿಸುವಾಗ ಒಂದೊಂದನ್ನೂ ಕಿಟಕಿಯ ಕಡೆ ಎತ್ತಿ ನೋಡುತ್ತಿದ್ದರು.

ಇದಕ್ಕೆ 12 ವೋಲ್ಟ್‌ನ ಎಲ್‌ಇಡಿ ಸ್ಟ್ರಿಪ್ ಸಾಕು. ಕಟ್ಟೆಯ ಮೇಲಿನ ಶೆಲ್ಫ್ ಅಥವಾ ಕಪಾಟಿನ ಉದ್ದ ಅಳೆದುಕೊಳ್ಳಿ. ಸ್ಟ್ರಿಪ್ಪಿನ ಮೇಲೆ ಕತ್ತರಿ ಗುರುತು ಇರುತ್ತದೆ, ಅಲ್ಲಿ ಮಾತ್ರ ಕತ್ತರಿಸಬೇಕು. ಕಪಾಟಿನ ತಳಭಾಗವನ್ನು ಮೊದಲು ಸೋಪು ನೀರಲ್ಲಿ ಒರೆಸಿ, ಒಣಗಲು ಬಿಡಿ. ಒಗ್ಗರಣೆಯ ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಮೇಲೆ ಹಾಲಿನ ಬಣ್ಣದ ಮುಚ್ಚಳ ಇರುವ ಅಲ್ಯೂಮಿನಿಯಂ ಚಾನೆಲ್ ತಂದು ಅದರೊಳಗೆ ಸ್ಟ್ರಿಪ್ ಅಂಟಿಸಿದರೆ ಒರೆಸಲು ಸುಲಭ, ಬಿಸಿಯೂ ಇಳಿಯುತ್ತದೆ. ಚಾನೆಲ್ ಕೂರುವುದು ಕಪಾಟಿನ ಮುಂದಿನ ಅಂಚಿಗೆ, ಗೋಡೆಯ ಕಡೆಗಲ್ಲ. ಹಾಗಾದರೆ ಮಾತ್ರ ಬೆಳಕು ಈಳಿಗೆಮಣೆಯ ಮೇಲೆ ಬೀಳುತ್ತದೆ. ಅಡಾಪ್ಟರ್ ತರುವಾಗ ಸ್ಟ್ರಿಪ್ಪಿನ ಒಟ್ಟು ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಶಕ್ತಿಯದು ತನ್ನಿ. ಅದನ್ನು ಒಲೆಯಿಂದಲೂ ಸಿಂಕಿನಿಂದಲೂ ದೂರ ಇಡಿ.

ಫ್ಯಾನಿಗೆ ಕೈ ಹಾಕುವ ಮೊದಲು

ಇಲ್ಲಿ ನಿಧಾನವಾಗಿ ಓದಿ. ಬರೀ ಸ್ವಿಚ್ ಆಫ್ ಮಾಡಿ ಫ್ಯಾನ್ ಮುಟ್ಟಬೇಡಿ. ಹಳೇ ಮನೆಗಳಲ್ಲಿ ಸ್ವಿಚ್ ಕರೆಂಟ್ ಬರುವ ಫೇಸ್ ವೈರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ ವೈರಿನ ಮೇಲೆ ಕೂತಿರುವುದು ಉಂಟು. ಆಗ ಆಫ್ ಮಾಡಿದರೂ ಮೇಲೆ ಕರೆಂಟ್ ಇರುತ್ತದೆ. ಮೇನ್ ಆಫ್ ಮಾಡಿದರೂ ಸಾಲದು. ನಮ್ಮೂರಲ್ಲಿ ಮನೆಮನೆಗೂ ಯುಪಿಎಸ್ ಇದೆ, ಫ್ಯಾನು ಮತ್ತು ಲೈಟು ಅದರ ಲೈನಿನಲ್ಲೇ ಇರುತ್ತವೆ. ಮೇನ್ ತೆಗೆದ ಕೂಡಲೇ ಯುಪಿಎಸ್ ಆ ಲೈನಿಗೆ ಕರೆಂಟ್ ಕೊಡಲು ಶುರುಮಾಡುತ್ತದೆ. ಹಾಗಾಗಿ ಮೊದಲು ಯುಪಿಎಸ್ ಆಫ್ ಮಾಡಿ, ಆಮೇಲೆ ಮೇನ್. ಟೆಸ್ಟರ್ ಕೆಲಸ ಮಾಡುತ್ತಿದೆ ಅಂತ ಮೇನ್ ತೆಗೆಯುವ ಮೊದಲೇ ಒಂದು ಸಾಕೆಟ್‌ನಲ್ಲಿ ನೋಡಿಕೊಂಡಿರಿ. ನಂತರ ಫ್ಯಾನಿನ ವೈರಿಗೆ ಮುಟ್ಟಿಸಿ ಪರೀಕ್ಷಿಸಿ. ಸ್ಟೂಲ್ ಹಿಡಿದುಕೊಳ್ಳಲು ಇನ್ನೊಬ್ಬರು ಇರಲೇಬೇಕು.

ಫ್ಯಾನ್ ನಿಧಾನವಾಗಿದ್ದರೆ ಹೊಸದು ತರುವ ಮೊದಲು ಕೆಪಾಸಿಟರ್ ಬದಲಿಸಿ ನೋಡಿ. ಮೋಟಾರಿನ ಮೇಲ್ಗಡೆ, ರಾಡಿನ ಬುಡದಲ್ಲಿರುವ ಕಪ್ ಸರಿಸಿದರೆ ಎರಡು ವೈರಿನ ಪುಟ್ಟ ಡಬ್ಬಿ ಕಾಣುತ್ತದೆ. ಬಹುಪಾಲು ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್. ಇದ್ದದ್ದು ಎಷ್ಟೋ ಅಷ್ಟರದ್ದೇ ಹಾಕಿ, ದೊಡ್ಡದು ಹಾಕಿದರೆ ಮೋಟಾರ್ ಬಿಸಿಯಾಗುತ್ತದೆ. ಬಿಚ್ಚುವ ಮುಂಚೆ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಅದರ ಎರಡೂ ತುದಿಯನ್ನು ಒಮ್ಮೆ ಸೇರಿಸಿ ಮುಟ್ಟಿಸಿ, ಒಳಗೆ ಉಳಿದ ಚಾರ್ಜ್ ಹೋಗುತ್ತದೆ.

ಹೊಸದನ್ನೇ ತರುವುದಾದರೆ ಕಡಿಮೆ ಕರೆಂಟ್ ಎಳೆಯುವ ಬ್ರಶ್‌ಲೆಸ್ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ತನ್ನಿ. ಸಾಮಾನ್ಯ ಫ್ಯಾನ್ 75 ವ್ಯಾಟ್ ಎಳೆದರೆ ಇದು ಫುಲ್ ಸ್ಪೀಡಿನಲ್ಲೂ 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ಓಡಿಸುವ ಕೋಣೆಯಲ್ಲಿ ತಿಂಗಳಿಗೆ 13 ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ, ಡಬ್ಬದ ಮೇಲೆ ನೋಡಿಯೇ ತೆಗೆದುಕೊಳ್ಳಿ. ಗೋಡೆಯ ಹಳೇ ರೆಗ್ಯುಲೇಟರ್ ಮೂಲಕ ಇದನ್ನು ಓಡಿಸಬಾರದು. ರೆಗ್ಯುಲೇಟರ್ ತೆಗೆಸಿ ನೇರವಾಗಿ ಸ್ವಿಚ್ಚಿಗೆ ಕೊಡಿಸಿ, ಸ್ಪೀಡ್ ರಿಮೋಟ್‌ನಲ್ಲೇ ಬದಲಿಸಿ. ಎಲ್ಲ ಕೋಣೆಗೂ ಒಟ್ಟಿಗೆ ತರಬೇಕಿಲ್ಲ. ರಾತ್ರಿಯಿಡೀ ತಿರುಗುವ ಒಂದನ್ನು ಮೊದಲು ಬದಲಿಸಿ. ಮನೆ ಓನರ್‌ನ ಹಳೇ ಫ್ಯಾನನ್ನು ಹಾಳೆ ಸುತ್ತಿ ಅಟ್ಟದ ಮೇಲಿಡಿ, ಖಾಲಿ ಮಾಡುವಾಗ ಬೇಕಾಗುತ್ತದೆ.

ಗೀಸರ್

ಬೆಂಗಳೂರಿನ ಮನೆಯಲ್ಲಿ ಬಿಲ್ ಏರಿಸುವುದು ಹೆಚ್ಚಾಗಿ ಎಸಿ ಅಲ್ಲ, ಬಿಸಿನೀರು. ಲೆಕ್ಕ ಸರಳ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ ಬೇಕು. 2000 ವ್ಯಾಟ್‌ನ ಗೀಸರ್‌ಗೆ ಅದು ಕಾಲು ಗಂಟೆಯ ಕೆಲಸ. ಅದಕ್ಕೆ ಆರಕ್ಕೆ ಸ್ನಾನ ಅಂದರೆ ಐದಕ್ಕೇ ಹಾಕುವ ಅಗತ್ಯ ಇಲ್ಲ. ಥರ್ಮೋಸ್ಟಾಟ್ ತಿರುಗಿಸುವ ಗುಂಡಿ ಹೊರಗಿದ್ದರೆ 50ರ ಹತ್ತಿರ ಇಡಿ. ಟೈಮರ್ ಅಥವಾ ಸ್ಮಾರ್ಟ್ ಪ್ಲಗ್ ಹಾಕುವ ಯೋಚನೆ ಇದ್ದರೆ 16 ಆಂಪಿಯರ್‌ನದೇ ಆಗಬೇಕು. ಟೇಬಲ್ ಲ್ಯಾಂಪಿನ ಸಣ್ಣ ಪ್ಲಗ್‌ಗೆ ಗೀಸರ್ ಕೊಟ್ಟರೆ ಅದು ಕರಗುತ್ತದೆ. ಬೋರ್‌ವೆಲ್ ನೀರಿನ ಮನೆಯವರು ವರ್ಷಕ್ಕೊಮ್ಮೆ ಗೀಸರ್ ತೊಳೆಸಿ. ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿದರೆ ಕಾಯಿಲ್ ಸುಡುತ್ತದೆ, ನೀರು ಮಾತ್ರ ಬೇಗ ಕಾಯುವುದಿಲ್ಲ.

ಕರೆಂಟ್ ಹೋದರೂ ವೈಫೈ ಇರಲಿ

ಮೇ ತಿಂಗಳ ಸಂಜೆ ಮಳೆಗೆ ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ, ಮೀಟಿಂಗ್ ಕಡಿಯುವುದು ವೈಫೈ ಸತ್ತಾಗ. ಮನೆಯಲ್ಲಿ ದೊಡ್ಡ ಯುಪಿಎಸ್ ಇಲ್ಲದವರಿಗೆ ರೂಟರ್‌ಗೆಂದೇ ಮಾಡಿದ ಅಂಗೈ ಅಗಲದ ಮಿನಿ ಯುಪಿಎಸ್ ಸಿಗುತ್ತದೆ.

ತರುವ ಮೊದಲು ರೂಟರ್‌ನ ಅಡಾಪ್ಟರ್ ತಿರುಗಿಸಿ, ಔಟ್‌ಪುಟ್ ಅಂತ ಇರುವ ಸಾಲು ಓದಿ. 12 ವೋಲ್ಟೋ, 9 ವೋಲ್ಟೋ, 5 ವೋಲ್ಟೋ ಬರೆದುಕೊಳ್ಳಿ. ಪಕ್ಕದಲ್ಲೇ ಆಂಪಿಯರ್ ಇರುತ್ತದೆ, ಮಿನಿ ಯುಪಿಎಸ್ ಅಷ್ಟಾದರೂ ಕೊಡಬೇಕು. ನಾನೊಮ್ಮೆ 9 ವೋಲ್ಟ್‌ನ ರೂಟರ್‌ಗೆ, ಪಿನ್ ಸರಿಯಾಗಿ ಕೂತಿತು ಅಂತ 12 ವೋಲ್ಟ್ ಕೊಟ್ಟೆ. ನಿಮಿಷದೊಳಗೆ ಸುಟ್ಟ ವಾಸನೆ ಬಂತು, ರೂಟರ್ ಮತ್ತೆ ಏಳಲಿಲ್ಲ. ಪಿನ್ ಕೂತ ಮಾತ್ರಕ್ಕೆ ವೋಲ್ಟೇಜ್ ಸರಿ ಅಂತಲ್ಲ. ಫೈಬರ್ ಬಾಕ್ಸ್ ಬೇರೆ, ರೂಟರ್ ಬೇರೆ ಇರುವ ಮನೆಯಲ್ಲಿ ಎರಡಕ್ಕೂ ಕರೆಂಟ್ ಬೇಕು, ಎರಡು ಔಟ್‌ಪುಟ್ ಇರುವುದನ್ನು ಕೇಳಿ ತನ್ನಿ.

ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಡಬ್ಬದ ಮೇಲೆ 8000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕದಲ್ಲಿರುತ್ತದೆ. 8ನ್ನು 3.7ರಿಂದ ಗುಣಿಸಿದರೆ ಸುಮಾರು 30 ವ್ಯಾಟ್ ಅವರ್. ರೂಟರ್ ಮತ್ತು ಫೈಬರ್ ಬಾಕ್ಸ್ ಸೇರಿ 10 ವ್ಯಾಟ್ ಎಳೆದರೆ, ನಡುವಿನ ನಷ್ಟ ಕಳೆದು ಎರಡೂವರೆ ಗಂಟೆ.

ದೊಡ್ಡ ಯುಪಿಎಸ್ ಇರುವವರು ಬ್ಯಾಟರಿಯ ನೀರಿನ ಮಟ್ಟ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಕಾವೇರಿ ನೀರಾಗಲಿ, ಫಿಲ್ಟರ್ ನೀರಾಗಲಿ ಬೇಡ. ಗರಿಷ್ಠದ ಗೆರೆ ಮೀರಿಸಬೇಡಿ.

ನಾವು ಮುಟ್ಟಬಾರದ್ದು

ಹೊಸ ಪಾಯಿಂಟ್ ಎಳೆಯುವುದು, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಬದಲಿಸುವುದು, ಅರ್ಥಿಂಗ್, ಗೋಡೆಯೊಳಗಿನ ವೈರ್ ಇವೆಲ್ಲ ಎಲೆಕ್ಟ್ರಿಷಿಯನ್ ಕೆಲಸ. ಎಂಸಿಬಿ ಪದೇಪದೇ ಬೀಳುತ್ತಿದ್ದರೆ ದೊಡ್ಡದು ಹಾಕಿಸಿ ಸುಮ್ಮನಾಗಬೇಡಿ, ಯಾಕೆ ಬೀಳುತ್ತಿದೆ ಅಂತ ಹುಡುಕಿಸಿ. ಮೀಟರ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ಲೈನ್ ಕಡಿಯುವ, ಟೆಸ್ಟ್ ಅಂತ ಗುಂಡಿ ಇರುವ ಆರ್‌ಸಿಸಿಬಿ ಇದ್ದರೆ ಕೆಲವು ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದ ತಕ್ಷಣ ಕರೆಂಟ್ ಹೋಗಬೇಕು. ಹೋಗದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ತೆಗೆದ ಹಳೇ ಟ್ಯೂಬ್ ಮತ್ತು ಸಿಎಫ್‌ಎಲ್‌ನೊಳಗೆ ಪಾದರಸ ಇರುತ್ತದೆ. ಒಡೆಯಬೇಡಿ, ಒಣ ಕಸದ ಚೀಲಕ್ಕೂ ಹಾಕಬೇಡಿ. ಹೊಸ ಪಟ್ಟಿ ಬಂದ ರಟ್ಟಿನ ಡಬ್ಬದಲ್ಲೇ ಹಳೇ ಟ್ಯೂಬನ್ನು ಇಟ್ಟು, ಕಸದ ಆಟೊ ಬಂದಾಗ ಇದು ಟ್ಯೂಬ್‌ಲೈಟ್ ಅಂತ ಹೇಳಿ ಕೈಗೇ ಕೊಡಿ. ಕಸ ವಿಂಗಡಿಸುವವರ ಕೈಗೆ ಗಾಜು ಚುಚ್ಚದಿರಲಿ.