ಪೋರ್ಚುಗೀಸ್ ಹಾಡಿಗೆ ಕನ್ನಡದ ಞ: ನನ್ನ ಅನುಭವ

ಕಳೆದ ಟ್ರಿನಿಟಿ ಭಾನುವಾರ (ತ್ರಿಯೇಕ ದೇವರ ಹಬ್ಬದ ದಿನ) ನಮ್ಮ ಚರ್ಚಿನ ಕ್ವಾಯರ್ ‘ಹೋಲಿ, ಹೋಲಿ, ಹೋಲಿ’ ಎಂಬ ಹಳೇ ಇಂಗ್ಲಿಷ್ ಸ್ತುತಿಗೀತೆಯನ್ನು ಪೋರ್ಚುಗೀಸಿನಲ್ಲಿ ಪೂರ್ತಿ ಹಾಡಿತು. ಕೈಯಲ್ಲಿದ್ದ ಹಾಳೆ ಮಾತ್ರ ಕನ್ನಡ ಲಿಪಿಯದು. ‘ಇದೆಲ್ಲ ಆಗೋ ಮಾತಲ್ಲ’ ಅಂದವರೇ ಆಮೇಲೆ ಬಂದು ಹಾಳೆ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲಿಸ್ಬನ್‌ಗೆ ಬಂದು ಆರು ವರ್ಷ. ವಾರವೆಲ್ಲ ಹೋಟೆಲ್ ಅಡುಗೆಮನೆ, ಭಾನುವಾರ ಸಂಜೆ ಕ್ವಾಯರ್. ನಾವು ಹದಿನಾಲ್ಕು ಜನ. ಎಂಟು ಜನ ನಮ್ಮ ಹುಬ್ಬಳ್ಳಿ, ಉಡುಪಿ, ಮಂಗಳೂರು ಕಡೆಯವರು. ಉಳಿದವರು ಇಲ್ಲಿನ ಹಿರಿಯರು ಮತ್ತು ಬ್ರೆಜಿಲ್‌ನ ಇಬ್ಬರು ಆಂಟಿಯರು. ಈ ಹಾಡಿನ ರಾಗದ ಹೆಸರು ನೈಸಿಯಾ, ಎಲ್ಲರಿಗೂ ಚಿಕ್ಕಂದಿನಿಂದ ಬಾಯಿಪಾಠ. ಅದೇ ತೊಂದರೆಯಾಯಿತು. ರಾಗ ಬಂದ ತಕ್ಷಣ ನಮ್ಮವರ ನಾಲಿಗೆಗೆ ಇಂಗ್ಲಿಷೂ ಬರುತ್ತದೆ.

ಮೊದಲು ರೋಮನ್ ಅಕ್ಷರದ ಹಾಳೆ ಕೊಟ್ಟೆ. ನಮ್ಮವರು ಸ್ತುತಿ ಅನ್ನುವ ಪದ ‘ಲೋವೋರ್’ ಅನ್ನು ‘ಲೌವರ್’ ಅಂತ ಓದಿದರು, ಯಾವುದೋ ಮ್ಯೂಸಿಯಂ ಇದ್ದ ಹಾಗೆ. ಬೆಳಗ್ಗೆ ಅನ್ನುವ ಪದ ‘ಮನ್ಹಾ’ ಆಯಿತು. ಎರಡನೇ ಸಲ ಬ್ರೆಜಿಲ್ ಆಂಟಿಯ ದನಿಯನ್ನೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿದೆ. ಎರಡು ವಾರ ಕೇಳಿಸಿಕೊಂಡು ಚೆನ್ನಾಗೇ ಕಲಿತರು. ಆದರೆ ಸರ್ವಶಕ್ತ ಅನ್ನುವುದಕ್ಕೆ ಬ್ರೆಜಿಲ್‌ನಲ್ಲಿ ‘ಓನಿಪೋಟೆಂಚಿ’ ಅನ್ನುವುದನ್ನು ಇಲ್ಲಿ ‘ಓಮ್ನಿಪುತೆಂತ್’ ಅನ್ನುತ್ತಾರೆ. ಮುಂದಿನ ಬೆಂಚಿನ ಅಜ್ಜಂದಿರು ಮುಖ ಸಿಂಡರಿಸಿದರು. ಎರಡು ವಾರದ ಪ್ರಾಕ್ಟೀಸ್ ರೂಮ್ ಬಾಡಿಗೆ ನೀರಲ್ಲಿ ಹೋಯಿತು.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ರೂಮ್‌ಗೆ ಗಂಟೆಗೆ ಹನ್ನೆರಡು ಯೂರೋ ಹತ್ತಿರ. ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಎಪ್ಪತ್ತಕ್ಕೆ ಬಂತು. ಅದರ ಒಂದು ಎಫ್ ಶಾರ್ಪ್ ಒತ್ತಿದರೆ ಮೇಲೇಳುತ್ತಿರಲಿಲ್ಲ. ಪುಸ್ತಕದಲ್ಲಿ ಇ ಫ್ಲಾಟ್ ಶ್ರುತಿ ಇದ್ದದ್ದನ್ನು ಸೊಪ್ರಾನೋದವರಿಗಾಗಿ (ಮೇಲಿನ ದನಿಯ ಹೆಂಗಸರಿಗಾಗಿ) ಡಿಗೆ ಇಳಿಸಿದ್ದೆ. ಡಿಯಲ್ಲಿ ಎಫ್ ಶಾರ್ಪ್ ಇಲ್ಲದೆ ಆಗುತ್ತಾ? ರಬ್ಬರ್ ತುಂಡು ತುರುಕಿ ಹೇಗೋ ಸರಿ ಮಾಡಿದೆ. ಝೆರಾಕ್ಸ್ ಎಲ್ಲ ಸೇರಿ ಇನ್ನೂರು ಯೂರೋ ದಾಟಿತು. ಅರ್ಧಕ್ಕಿಂತ ಜಾಸ್ತಿ ನನ್ನ ಜೇಬಿನದೇ. ಮನೆಯಲ್ಲಿ ಲೆಕ್ಕ ಹೇಳಿಲ್ಲ.

ಮೂರನೇ ಸಲ ಕನ್ನಡ ಲಿಪಿ. ಪಾಸ್ಟರ್ ನಕ್ಕರು. ಬ್ರೆಜಿಲ್ ಆಂಟಿಯಂತೂ ಹಾಳೆಯನ್ನು ತಲೆಕೆಳಗೆ ಹಿಡಿದು ‘ಇದು ಜಿಲೇಬಿ’ ಅಂದರು. ಶುರುವಿನಲ್ಲಿ ನಾನೂ ಎಡವಿದೆ. ದೇವರು ಅನ್ನುವುದಕ್ಕೆ ‘ದೆವ್ಶ್’ ಅಂತ ಬರೆದಿದ್ದೆ. ಬೇಸ್‌ನ (ತಗ್ಗು ದನಿಯ) ಅಣ್ಣ ಅವಸರದಲ್ಲಿ ‘ದೆವ್ವ’ ಅಂತ ಹಾಡಿಬಿಟ್ಟರು. ದೀರ್ಘ ಕೊಟ್ಟು ‘ದೇವ್ಶ್’ ಮಾಡಿದ ಮೇಲೆ ದೆವ್ವ ಹೋಗಿ ದೇವರು ಬಂದ.

ಬೆಳಗ್ಗೆಯ ಪದಕ್ಕೆ ಸಿಕ್ಕಿದ್ದು ಞ. ಒಂದನೇ ಕ್ಲಾಸಿನ ಸ್ಲೇಟು ಬಿಟ್ಟರೆ ಆ ಅಕ್ಷರವನ್ನು ನಾವು ಒಂಟಿಯಾಗಿ ಎಲ್ಲಿ ಬರೆದಿದ್ದೇವೆ ಹೇಳಿ. ‘ಮಞಾಂ’ ಅಂತ ಬರೆದೆ. ಮಧ್ಯದ ಸದ್ದು ತಟ್ಟನೆ ಕೂತಿತು. ಆದರೆ ಕೊನೆಯ ಸೊನ್ನೆಗೆ ಎಲ್ಲರೂ ‘ಮ್’ ಅಂತ ತುಟಿ ಮುಚ್ಚಿದರು. ಅದು ಮೂಗಿನಲ್ಲಿ ಬರಬೇಕು, ಬಾಯಿ ತೆರೆದೇ ಇರಬೇಕು. ಮಂಗಳೂರಿನ ಹೆಂಗಸೊಬ್ಬರು ಹಾಡಲು ಬರುತ್ತಾರೆ. ಮನೆಮಾತು ಕೊಂಕಣಿ. ಅವರು ‘ನಮ್ಮ ಹಾಂವ್ (ಕೊಂಕಣಿಯಲ್ಲಿ ನಾನು) ಇದ್ದ ಹಾಗೆ ಹೇಳಿ’ ಅಂದರು. ಮುಗಿಯಿತು! ಎರಡು ನಿಮಿಷದಲ್ಲಿ ಆಲ್ಟೋ (ಹೆಂಗಸರ ತಗ್ಗು ದನಿಯ) ಸಾಲು ಪೂರ್ತಿ ಸರಿಹೋಯಿತು. ಒಂದು ಅನ್ನುವ ‘ಉಂ’ ಪದಕ್ಕೂ ಅದೇ ಮದ್ದು. ಬರೆಯುವಾಗ ಅದರಲ್ಲಿ ಎಮ್ ಇದೆ, ಹಾಡುವಾಗ ತುಟಿ ಮುಟ್ಟಬಾರದು.

ಆಮೇಲೆ ಎಣಿಕೆಯ ತಂಟೆ. ಬಾಯಲ್ಲಿ ಒಂದೊಂದಾಗಿ ಒಡೆದು ಹೇಳಿದರೆ ಇಂಗ್ಲಿಷಿನ ‘ಲಾರ್ಡ್ ಗಾಡ್ ಆಲ್‌ಮೈಟಿ’ ಐದು ತುಂಡು. ‘ದೇವ್ಶ್ ಓಮ್ನಿಪುತೆಂತ್’ ಹಾಡುವಾಗ ಆರು. ನಮ್ಮವರು ಹಳೇ ರೂಢಿಯಂತೆ ಮೊದಲ ಸ್ವರವನ್ನು ಎರಡು ಎಣಿಕೆ ಎಳೆದರೆ ಉಳಿದದ್ದು ಒಂದರ ಮೇಲೊಂದು ಬೀಳುತ್ತಿತ್ತು. ಆ ಸ್ವರವನ್ನು ಒಡೆದು ದೇವ್ಶ್‌ಗೆ ಒಂದು, ಓಮ್‌ಗೆ ಒಂದು ಕೊಟ್ಟೆ. ಒಂದೊಂದು ಸ್ವರಕ್ಕೂ ಒಂದೊಂದು ಚೌಕ ಎಳೆದು, ಒಳಗೆ ಕನ್ನಡ ಅಕ್ಷರ, ಮೇಲೆ ಸೋಲ್ಫಾ (ಪಾಶ್ಚಾತ್ಯ ಸರಿಗಮ) ಬರೆದೆ. ಕೊನೆಯ ಸಾಲಿನಲ್ಲಿ ಇಂಗ್ಲಿಷಿನ ‘ಟ್ರಿನಿಟಿ’ಯ ಒತ್ತು ಮೊದಲಲ್ಲಿ, ಅದೇ ಜಾಗಕ್ಕೆ ಬರುವ ‘ಕ್ರಿಯದೋರ್’ (ಸೃಷ್ಟಿಕರ್ತ) ಪದದ ಒತ್ತು ಕೊನೆಯಲ್ಲಿ. ‘ಕ್ರಿ’ ಮೇಲೆ ಗುದ್ದುವುದನ್ನು ಬಿಡಿಸಲು ಮೂರು ವಾರ ಬೇಕಾಯಿತು. ಇನ್ನು ‘ತೆಂತ್’ನ ಕೊನೆಯ ಸ್ವರಾಕ್ಷರವನ್ನು ಇಲ್ಲಿ ಮಾತಾಡುವಾಗ ನುಂಗಿಬಿಡುತ್ತಾರೆ. ಹಾಡಿನಲ್ಲಿ ಅದಕ್ಕೆ ಎರಡು ಎಣಿಕೆ ಇದೆ. ಅದನ್ನು ಹೇಗೆ ಕೂರಿಸಿದೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಬಂದು ಕೇಳಿ.

ಕೆಲಸ ಮಾಡುತ್ತಾ ಹೋದಂತೆ ಅನುವಾದಕನ ಮೇಲೆ ಗೌರವ ಜಾಸ್ತಿಯಾಯಿತು. ‘ಹೋಲಿ’ಗೆ ‘ಸಾಂತು’ ಕೈಗವಸಿನ ಹಾಗೆ ಕೂರುತ್ತದೆ, ಅದು ಅದೃಷ್ಟ ಅನ್ನಿ. ಆದರೆ ಎರಡನೇ ಸಾಲು? ಎರಡೂ ಭಾಷೆಯಲ್ಲಿ ಹನ್ನೆರಡೇ ತುಂಡು. ಇಂಗ್ಲಿಷ್‌ನಲ್ಲಿ ‘ಮಾರ್ನಿಂಗ್’ನ ಒತ್ತು ಬೀಳುವ ಸ್ವರದಲ್ಲೇ ‘ಞಾಂ’ ಒತ್ತು ಬೀಳುತ್ತದೆ. ಸುಮ್ನೆ ಬರಲ್ಲ ಅದು. ಮಾಡಿದವರು ಜೊವಾಂವ್ ಗೋಮೆಸ್ ದ ರೋಚ, ಕ್ಯಾಲಿ ದಂಪತಿಯ ಸಾಕುಮಗ. ರಾಬರ್ಟ್ ಕ್ಯಾಲಿ ಸ್ಕಾಟ್ಲೆಂಡಿನ ಡಾಕ್ಟರು, ಮಿಷನರಿ. 1846ರಲ್ಲಿ ಪೋರ್ಚುಗಲ್ಲಿನ ಮದೈರಾ ದ್ವೀಪದಿಂದ ಅವರನ್ನು ಓಡಿಸಿದ್ದರು. 1855ರಲ್ಲಿ ಹೆಂಡತಿ ಸಾರಾ ಜೊತೆ ಬ್ರೆಜಿಲ್‌ಗೆ ಹೋದರು. ಹಾಡು ಬರೆಯುವ ಕೈ ಸಾರಾ ಅವರದು. ಗಂಡ ಹೆಂಡತಿ ಸೇರಿ 1861ರಲ್ಲಿ ಐವತ್ತು ಹಾಡಿನ ‘ಸಾಲ್ಮುಸ್ ಇ ಇನುಸ್’ (ಕೀರ್ತನೆಗಳು ಮತ್ತು ಸ್ತುತಿಗೀತೆಗಳು) ಪುಸ್ತಕ ತಂದರು. ನೈಸಿಯಾ ರಾಗ ಅಚ್ಚಾದದ್ದೂ 1861, ರೋಚ ಹುಟ್ಟಿದ್ದೂ 1861. ಇಂಗ್ಲಿಷ್ ಮೂಲ ಬರೆದ ಹೀಬರ್ ಕಲ್ಕತ್ತಾದ ಬಿಷಪ್ ಆಗಿದ್ದವರು, 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ತೀರಿಕೊಂಡರು. ಚಹಾ ಹೊತ್ತಿಗೆ ಇದನ್ನು ಹೇಳಿದಾಗ ಇಲ್ಲಿನ ಅಜ್ಜಂದಿರಿಗೆ ನಮ್ಮ ಮೇಲೆ ಸ್ವಲ್ಪ ಮರ್ಯಾದೆ ಬಂತು.

ನಡುವೆ ಒಂದು ಹುಚ್ಚು ಪ್ರಯತ್ನವೂ ಆಯಿತು. ‘ಪರಿಶುದ್ಧ’ವನ್ನು ‘ಸಾಂತು’ ಜೊತೆಗೇ ಹಾಡಿಸೋಣ, ಅರ್ಧ ಜನ ಅದು, ಅರ್ಧ ಜನ ಇದು ಅಂತ. ಎರಡು ಸ್ವರದಲ್ಲಿ ನಾಲ್ಕು ಅಕ್ಷರ! ಮೀನು ಮಾರ್ಕೆಟ್ ಆಯಿತು. ಕೈಬಿಟ್ಟೆ.

ಈಗ ಆ ಬ್ರೆಜಿಲ್ ಆಂಟಿಯೇ ಮುಂದಿನ ಹಾಡು ತಂದುಕೊಟ್ಟಿದ್ದಾರೆ. ‘ಜಿಲೇಬಿ ಮಾಡಿಕೊಡಪ್ಪಾ’ ಅನ್ನುತ್ತಾರೆ. ಅದರಲ್ಲಿ ಎಲ್ ಮತ್ತು ಎಚ್ ಸೇರಿ ಬರುವ ಒಂದು ಸದ್ದಿದೆ. ‘ಲ್ಯ’ ಹಾಕಿದೆ, ಒಣಗಿದ ಹಾಗೆ ಕೇಳಿಸಿತು. ‘ಳ್ಯ’ ಹಾಕಿದೆ, ಉಡುಪಿಯವರು ಬಿಟ್ಟರೆ ಯಾರಿಗೂ ಬರಲಿಲ್ಲ. ಆ ಚೌಕ ಇನ್ನೂ ಖಾಲಿ ಇದೆ.