ಪರೀಕ್ಷೆ ಕೇಳದ ಇಂಗ್ಲಿಷ್

ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ದ್ವಿತೀಯ ಭಾಷೆ ಇಂಗ್ಲಿಷ್ 100 ಅಂಕದ್ದು. 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಕಿವಿಗೂ ಬಾಯಿಗೂ ಕೆಲಸವೇ ಇಲ್ಲ. ಮಕ್ಕಳಿಗೆ ಇದು ಬಹಳ ಬೇಗ ಗೊತ್ತಾಗುತ್ತದೆ. ಪಾಠದ ನಡುವೆ ಹೊಸದೇನು ಹೇಳಿದರೂ ‘ಮಿಸ್, ಇದು ಎಕ್ಸಾಮಿಗೆ ಬರುತ್ತಾ?’ ಅನ್ನುತ್ತಾರೆ. ಬರಲ್ಲ ಅಂದರೆ ಪೆನ್ನು ಕೆಳಗೆ.

ಪತ್ರಲೇಖನವನ್ನೇ ನೋಡಿ, 5 ಅಂಕದ್ದು. ವಿಳಾಸ, ದಿನಾಂಕ, ಸಂಬೋಧನೆ ಎಲ್ಲ ಗೈಡಿನಿಂದ ಬಾಯಿಪಾಠ. ಪ್ರಶ್ನೆಯಲ್ಲಿ ಕೊಟ್ಟ ಹೆಸರು, ಊರು ಬಿಟ್ಟು ಗೈಡಿನಲ್ಲಿದ್ದದ್ದನ್ನೇ ಬರೆದಿರುತ್ತಾರೆ. ಒಡಲಿನ ಜಾಗಕ್ಕೆ ಪ್ರಶ್ನೆಯ ವಾಕ್ಯವನ್ನೇ ಇಳಿಸಿರುತ್ತಾರೆ. ಚೌಕಟ್ಟಿಗೆ ಒಂದೆರಡು ಅಂಕ ಹೇಗೂ ಸಿಗುವುದರಿಂದ, ಇಂಗ್ಲಿಷ್ ಅಂದರೆ ಇಷ್ಟೇ ಅನ್ನಿಸಿಬಿಡುತ್ತದೆ. ಹಾಗಾಗಿ ಚೌಕಟ್ಟನ್ನು ಬೋರ್ಡಿನ ಮೇಲೆ ನಾನೇ ಬರೆದುಕೊಡುತ್ತೇನೆ, ಮಕ್ಕಳದ್ದು ಒಡಲಿನ ನಾಲ್ಕು ವಾಕ್ಯ ಮಾತ್ರ. ವಿಷಯ ವಾರಕ್ಕೊಂದು, ಅವರ ಊರಿನದೇ: ಬಸ್ಸು ನಿಲ್ಲಿಸುತ್ತಿಲ್ಲ ಎಂದು ಡಿಪೋ ಮ್ಯಾನೇಜರಿಗೆ, ಬೀದಿದೀಪ ಕೆಟ್ಟಿದೆ ಎಂದು ಪಿಡಿಒಗೆ. ತಿದ್ದುವುದು ವಾರಕ್ಕೆ ಒಂದೇ ಬಗೆಯ ತಪ್ಪು. ಈ ವಾರ ಕ್ರಿಯಾಪದದ ಕಾಲ ಅಂದರೆ ಅದಷ್ಟೇ, ಸ್ಪೆಲಿಂಗ್ ಮುಟ್ಟುವುದಿಲ್ಲ. ಪುಟವೆಲ್ಲ ಕೆಂಪಾದರೆ ಮುಂದಿನ ವಾರ ಮತ್ತೆ ಗೈಡಿಗೇ ಶರಣು.

ನಿಜವಾದ ಅವಕಾಶ ಇರುವುದು ಆಂತರಿಕ 20ರಲ್ಲಿ. ಅದನ್ನು ಪ್ರಾಜೆಕ್ಟ್ ಹಾಳೆ ನೋಡಿ ತುಂಬಿಸುವುದು ಸುಲಭ. ನಾನು ಅದರಲ್ಲೊಂದು ಪಾಲನ್ನು ಮಾತಿಗೆ ಇಡುತ್ತೇನೆ. ತರಗತಿಯಲ್ಲಿ 40 ಮಕ್ಕಳಿದ್ದರೆ ದಿನಕ್ಕೆ ನಾಲ್ವರಂತೆ ಹತ್ತು ದಿನ ಸಾಕು. ಒಬ್ಬರಿಗೆ ಎರಡು ನಿಮಿಷ, ಉಳಿದವರಿಗೆ ಬರೆಯುವ ಕೆಲಸ. ವಿಷಯ ಮೊದಲೇ ಹೇಳಿದರೆ ‘ಮೈ ವಿಲೇಜ್’ ಉರು ಹೊಡೆದು ಬರುತ್ತಾರೆ. ಅದಕ್ಕೇ ಕೈಗೆ ಒಂದು ವಸ್ತು ಕೊಡುತ್ತೇನೆ: ಬೀಜದ ಪೊಟ್ಟಣ, ಬಸ್ ಟಿಕೆಟ್, ಮಾತ್ರೆಯ ಖಾಲಿ ಪಟ್ಟಿ. ಅದರ ಮೇಲೆ ಅಚ್ಚಾದದ್ದನ್ನು ಓದಿಸಿ ಮೂರು ಪ್ರಶ್ನೆ ಕೇಳುತ್ತೇನೆ. ‘ವೆನ್ ಡು ಯು ಸೋ ದಿಸ್?’ ಅಂದಾಗ ‘ಜೂನ್, ಆಫ್ಟರ್ ರೇನ್’ ಅಂದರೆ ಆ ಪ್ರಶ್ನೆಗೆ ಪೂರ್ತಿ ಅಂಕ, ವ್ಯಾಕರಣಕ್ಕೆ ಕಡಿತವಿಲ್ಲ. ಅರ್ಥವಾಗದಿದ್ದಾಗ ‘ಪಾರ್ಡನ್, ಮಿಸ್?’ ಎಂದು ಕೇಳಿದವರಿಗೂ ಅಂಕ ಉಂಟು. ತೆಪ್ಪಗೆ ತಲೆ ತಗ್ಗಿಸುವ ಅಭ್ಯಾಸ ಬಿಡಿಸಲು ಇದರಷ್ಟು ನೆರವಾದದ್ದು ಬೇರೊಂದಿಲ್ಲ.

ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕಟ್ಟಿಕೊಡುವ ‘ಪಾಸಿಂಗ್ ಪ್ಯಾಕೇಜ್’ ಬೇಡ ಅನ್ನುವವಳಲ್ಲ ನಾನು. ಓದಲು ತಡವರಿಸುವ ಮಗುವಿಗೆ ಪದ್ಯದ ಬಾಯಿಪಾಠದ 4 ಅಂಕ ದೊಡ್ಡ ಆಸರೆ. ಆದರೆ ಅದನ್ನು ಕೊಡುವುದು ಮೊದಲ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ನೋಡಿದ ಮೇಲೆ, ಬೇಕಾದವರಿಗೆ ಮಾತ್ರ. ಜೂನ್‌ನಲ್ಲೇ ಇಡೀ ತರಗತಿಗೆ ಹಂಚಿದರೆ ಚೆನ್ನಾಗಿ ಓದಬಲ್ಲ ಮಕ್ಕಳೂ ಪಠ್ಯಪುಸ್ತಕ ಮುಚ್ಚಿಡುತ್ತಾರೆ.