ರಾಜರ ಭೇಟಿಗೆ ಕರೆ ಬಂತಾ? ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಹೋದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಫಿಸಿಯೊಥೆರಪಿಸ್ಟ್, ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಗಿದೆ. ಗಾಯಗೊಂಡ ಸೈನಿಕರ ಪುನರ್ವಸತಿ ಕೇಂದ್ರಕ್ಕೆ ರಾಜಮನೆತನದವರು ಬರುತ್ತಾರಂತೆ, ಇವಳಿಗೂ ಕರೆ ಬಂದಿದೆ. "ಸೀರೆ ಉಡಲಾ ಅಂಕಲ್?" ಅಂದಳು. ಸೀರೆ ವಿಷಯ ಆಮೇಲೆ, ಮೊದಲು ಪಾಸ್‌ಪೋರ್ಟ್ ತೆಗಿ ಅಂದೆ.

ನನ್ನ ಕಥೆ ಕೇಳಿ. ಸೈನಿಕರಿಗೆ ನೆರವಾಗುವ ಸಂಸ್ಥೆಯೊಂದರಲ್ಲಿ ನಾನು ಸ್ವಯಂಸೇವಕನಾಗಿದ್ದೆ. ಇಂಥದೇ ಭೇಟಿಗೆ ಹೆಸರು ಕೇಳಿದರು. ಎಲ್ಲರೂ ಕರೆಯುವ 'ಮಂಜು' ಜೊತೆಗೆ ಇನಿಷಿಯಲ್ ಸೇರಿಸಿ ಕಳಿಸಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಊರ ಹೆಸರು, ಅಪ್ಪನ ಹೆಸರು ಎರಡೂ ಕೂತಿವೆ. ಆಚೆ ಕಡೆಯವರು ಇನಿಷಿಯಲ್‌ನ್ನೇ ಸರ್‌ನೇಮ್ ಅಂತ ಬರೆದುಕೊಂಡರು. ಗೇಟಿನಲ್ಲಿ ಸೈನಿಕ ಪಟ್ಟಿ ನೋಡಿದ, ಪಾಸ್‌ಪೋರ್ಟ್ ನೋಡಿದ, ನನ್ನ ಮುಖ ನೋಡಿದ. "ಸಾರಿ ಸರ್." ಅಷ್ಟೇ. ನಾನು ಒಳಗಿನವರಿಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ, ಎಲ್ಲರ ಫೋನೂ ಜಮಾ ಆಗಿತ್ತು. ಹೆಲಿಕಾಪ್ಟರ್ ಇಳಿದ ಸದ್ದು ಮಾತ್ರ ಕೇಳಿಸಿತು. ಒಂದು ದಿನದ ರಜೆ ಹೋಯಿತು. ವಾಪಸ್ ಟಿಕೆಟ್ ಅಗ್ಗದ 'ಅಡ್ವಾನ್ಸ್' ಟಿಕೆಟ್, ಅದರಲ್ಲಿ ಬರೆದ ಸಂಜೆಯ ಟ್ರೇನನ್ನೇ ಹತ್ತಬೇಕು, ದುಡ್ಡು ವಾಪಸ್ ಕೊಡಲ್ಲ. ಮಳೆಯಲ್ಲಿ ಐದು ಗಂಟೆ ಕೂರಲಾರದೆ ಇನ್ನೊಂದು ಟಿಕೆಟ್ ತಗೊಂಡೆ. ಆಮೇಲೆ ಇದೇ ಪಾಡು ಪಟ್ಟ ಮೂರು ಜನ ನಮ್ಮವರನ್ನು ನೋಡಿದ್ದೇನೆ. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಇದ್ದಂತೆ ಅಕ್ಷರ ಅಕ್ಷರ ಕಳಿಸಿ. ಯಾವುದು ಸರ್‌ನೇಮ್ ಅಂತ ಬಿಡಿಸಿ ಹೇಳಿ. ಪಟ್ಟಿಯಲ್ಲಿ ಹೇಗೆ ಬಂದಿದೆ ಅಂತ ಎರಡು ದಿನ ಮೊದಲೇ ಕೇಳಿ, ನಾಚಿಕೆ ಬೇಡ.

ಇಷ್ಟು ಬಿಗಿ ಯಾಕೆ? ಆಸ್ಪತ್ರೆ ಅಂತ ಕಂಡರೂ ಅದು ಸೇನೆಯ ಜಾಗ. ಸೇನೆಯ ಪುನರ್ವಸತಿ ಕೇಂದ್ರ ಮೊದಲು ಸರ್ರೆಯ ಹೆಡ್ಲಿ ಕೋರ್ಟ್ ಅನ್ನುವ ಬಂಗಲೆಯಲ್ಲಿತ್ತು. 2018ರಿಂದ ಆ ಕೆಲಸ ಲಫ್‌ಬರೊ ಹತ್ತಿರದ ಸ್ಟ್ಯಾನ್‌ಫರ್ಡ್ ಹಾಲ್‌ಗೆ ಬಂತು. ಆ ಹೊಸ ಕೇಂದ್ರವನ್ನು ದೇಶಕ್ಕೆ ಒಪ್ಪಿಸುವ ಸಮಾರಂಭಕ್ಕೆ ಪ್ರಿನ್ಸ್ ವಿಲಿಯಂ ಬಂದಿದ್ದರು. ಭೇಟಿಗೆ ಜಿಲ್ಲೆಯ ಲಾರ್ಡ್ ಲೆಫ್ಟಿನೆಂಟ್, ಅಂದರೆ ಅಲ್ಲಿನ ರಾಜಪ್ರತಿನಿಧಿಯ ಕಚೇರಿಯೂ ಓಡಾಡುತ್ತದೆ. ಇಂಥ ಕಡೆ ಭೇಟಿಯ ಸುದ್ದಿ ಹೊರಗೆ ಬರುವುದು ಬಹುಪಾಲು ಮುಗಿದ ಮೇಲೆಯೇ. ಅರಮನೆ ಹೊರಡಿಸುವ 'ಕೋರ್ಟ್ ಸರ್ಕ್ಯುಲರ್' ಅನ್ನುವುದು ನಡೆದದ್ದರ ವರದಿ, ಮುಂದಿನ ಕಾರ್ಯಕ್ರಮದ ಪಟ್ಟಿ ಅಲ್ಲ. ನಿಮಗೆ ಮೊದಲೇ ಗೊತ್ತಾದರೆ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಖಂಡಿತ ಬೇಡಿ.

ನಮ್ಮಲ್ಲಿ ದೊಡ್ಡವರು ಬಂದರೆ ಬ್ಯಾನರ್, ಹಾರ, ಅರ್ಧ ದಿನ ಭಾಷಣ, ಅಲ್ವಾ? ಇಲ್ಲಿ ಭಾಷಣ ಕಡಿಮೆ. ಬಂದವರು ಜಿಮ್‌ನಲ್ಲಿ ಕೃತಕ ಕಾಲಿನ ಅಭ್ಯಾಸ ಮಾಡುತ್ತಿರುವವನ ಪಕ್ಕ ನಿಂತು ಮಾತಾಡುತ್ತಾರೆ. ಇದು ನನಗೆ ಹಿಡಿಸಿತು. ಆದರೆ ಸುಮ್ನೆ ಹೊಗಳಲ್ಲ, ನಮ್ಮ ಪುಣೆ ಹತ್ತಿರದ ಖಡ್ಕಿಯಲ್ಲೂ ಬೆನ್ನುಹುರಿಗೆ ಪೆಟ್ಟಾದ ಯೋಧರ ಕೇಂದ್ರ ಇದೆ, ಅವರ ವಿಷಯ ನಮಗೆಷ್ಟು ಗೊತ್ತು? ರಾಜರು ಗಾಯಾಳು ಸೈನಿಕರನ್ನು ನೋಡಲು ಹೋಗುವ ಈ ಪದ್ಧತಿ ಹಳೆಯದು ಕೂಡ. ಮೊದಲ ಮಹಾಯುದ್ಧದ ಹೊತ್ತು, 1915ರಲ್ಲಿ ಬ್ರೈಟನ್ ಅರಮನೆಯನ್ನೇ ಭಾರತೀಯ ಗಾಯಾಳುಗಳ ಆಸ್ಪತ್ರೆ ಮಾಡಿದ್ದಾಗ, ಐದನೇ ಜಾರ್ಜ್ ಅಲ್ಲಿಗೆ ಹೋಗಿ ಜಮಾದಾರ್ ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಶೌರ್ಯಪದಕ ಕೊಟ್ಟಿದ್ದ.

ಉಳಿದದ್ದು ಸುಲಭ. ರಾಜನಿಗೆ ಮೊದಲ ಸಲ 'ಯುವರ್ ಮೆಜೆಸ್ಟಿ', ಆಮೇಲೆ 'ಸರ್'. ತಲೆ ಬಾಗಿಸಲೇಬೇಕು ಅಂತಿಲ್ಲ. ಸೈನಿಕರ ಹತ್ತಿರ "ಗಾಯ ಹೇಗಾಯಿತು" ಅಂತ ಮಾತ್ರ ಕೇಳಬೇಡಿ.

ಹುಡುಗಿಯ ಪಾಸ್‌ಪೋರ್ಟ್ ನೋಡಿದರೆ ಸರ್‌ನೇಮ್ ಜಾಗವೇ ಖಾಲಿ! ಈಗಲೇ ಮೇಲ್ ಮಾಡು ಅಂದೆ. ಸೀರೆ ಉಡು, ಚೆನ್ನಾಗಿರುತ್ತೆ. ಪಿನ್ ಮಾತ್ರ ಜಾಸ್ತಿ ಹಾಕು, ನಿಲ್ಲಿಸುವುದು ಜಿಮ್ ಯಂತ್ರಗಳ ಮಧ್ಯೆ.